ಮೊದಲು ಕೇಳು, ಆಮೇಲೆ ಗುಂಡಿ ಒತ್ತು

ಪುಟ್ಟೀ,

ಹ್ಯಾಮ್ ಪರೀಕ್ಷೆಗೆ ಕೂರುತ್ತೇನೆ ಎಂದು ನೀನು ಮನೆಯಲ್ಲಿ ಹೇಳಿದಾಗಿನಿಂದ ನಿಮ್ಮಪ್ಪ ನನ್ನ ಬೆನ್ನು ಬಿದ್ದಿದ್ದಾನೆ. ಕೈಯಲ್ಲಿ ಫೋನ್ ಇದೆ, ಅಮೆರಿಕದಲ್ಲಿರುವವರ ಮುಖ ನೋಡಿಕೊಂಡೇ ಮಾತಾಡಬಹುದು, ಇಂಥ ಕಾಲದಲ್ಲಿ ತಂತಿ ಕಟ್ಟಿಕೊಂಡು ಕರಕರ ಸದ್ದಿನೊಳಗೆ ದನಿ ಹುಡುಕುವ ಹುಚ್ಚು ಮಗಳಿಗೆ ಯಾಕೆ ಹತ್ತಿಸಿದೆ ಅಣ್ಣಾ ಎಂದು ಕೇಳುತ್ತಾನೆ. ಹತ್ತಿಸಿದವನು ನಾನೇ, ಹಾಗಾಗಿ ಉತ್ತರ ಕೊಡುವ ಹೊಣೆಯೂ ನನ್ನದೇ. ಅವನಿಗೆ ಹೇಳಬೇಕಾದ್ದನ್ನು ನಿನಗೇ ಬರೆದುಬಿಡುತ್ತೇನೆ. ನಿನಗೆ ಬೇಕಾದ ನಾಲ್ಕು ಬುದ್ಧಿಮಾತೂ ಅದರೊಳಗೇ ಬರುತ್ತವೆ.

ಫೋನಿನಲ್ಲಿ ಮಾತಾಡುವಾಗ ನಿನ್ನ ದನಿ ಹತ್ತಿರದ ಟವರಿಗೆ ಹೋಗುತ್ತದೆ. ಅಲ್ಲಿಂದಾಚೆ ನೆಲದೊಳಗಿನ, ಕಡಲೊಳಗಿನ ಕೇಬಲ್ ಹಿಡಿದು ಸಾಗುತ್ತದೆ. ಆ ದಾರಿಯನ್ನು ಯಾರೋ ಹಾಕಿದ್ದಾರೆ, ಯಾರೋ ಕಾಯುತ್ತಾರೆ, ನೀನು ತಿಂಗಳಿಗಿಷ್ಟು ದುಡ್ಡು ಕಟ್ಟುತ್ತೀಯ. ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೊದಲ್ಲಿ, ನಿನ್ನ ತಂತಿಗೂ ಇನ್ನೊಬ್ಬರ ತಂತಿಗೂ ನಡುವೆ ಇರುವುದು ಆಕಾಶವೊಂದೇ. ನಿನ್ನ ಕೋಣೆಯ ಎಲ್‌ಇಡಿ ಬಲ್ಬು 9 ವ್ಯಾಟ್ ತಿನ್ನುತ್ತದಲ್ಲ, ಅದಕ್ಕಿಂತ ಕಡಿಮೆ ಶಕ್ತಿಯಲ್ಲಿ, ಬರೀ 5 ವ್ಯಾಟಿನಲ್ಲಿ, ಕಡಲಾಚೆಯ ದೇಶ ಮುಟ್ಟುವವರಿದ್ದಾರೆ. ಆ ದಿನ ಸೂರ್ಯ ಹೇಗಿದ್ದಾನೆ, ಹೊತ್ತು ಯಾವುದು, ತಂತಿ ಎಷ್ಟು ಎತ್ತರದಲ್ಲಿದೆ, ಕೇಳುವವರ ಸುತ್ತ ಗದ್ದಲ ಎಷ್ಟಿದೆ, ಇವೆಲ್ಲ ಕೂಡಿಬಂದರೆ ಸಂಪರ್ಕ. ಕೂಡಿಬರದಿದ್ದರೆ ಇಲ್ಲ. ಸಿಕ್ಕೇ ಸಿಗುತ್ತದೆಂಬ ಖಾತ್ರಿ ಇಲ್ಲದಿರುವುದರಲ್ಲೇ ಇದರ ರುಚಿಯಿದೆ. ಈ ಹವ್ಯಾಸಕ್ಕೆ ಬೇಕಾದ ಮೊದಲ ಗುಣವೂ ಅದರಿಂದಲೇ ಬರುತ್ತದೆ: ಕೇಳಿಸಿಕೊಳ್ಳುವ ತಾಳ್ಮೆ. ಈ ಕಾಗದದ ಉದ್ದಕ್ಕೂ ನಾನು ಹೇಳುವುದು ಇದೊಂದನ್ನೇ.

ನಮ್ಮ ಕಡೆಗೆ ಇದೇನೂ ಹೊಸದಲ್ಲ. 1921ರಲ್ಲೇ ಅಮರೇಂದ್ರ ಚಂದ್ರ ಗುಪ್ತು ಎಂಬ ಬಂಗಾಳಿ 2ಜೆಕೆ ಎಂಬ ಕಾಲ್‌ಸೈನ್, ಅಂದರೆ ಗಾಳಿಯ ಮೇಲಿನ ಗುರುತಿನ ಹೆಸರು, ಪಡೆದಿದ್ದರು; ಭಾರತದ ಮೊದಲ ಹವ್ಯಾಸಿ ಎಂದು ಅವರನ್ನೇ ಎಣಿಸುತ್ತಾರೆ. 1935ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಸಣ್ಣದೊಂದು ಟ್ರಾನ್ಸ್‌ಮಿಟರ್ ಇಟ್ಟು ಬಾನುಲಿ ಶುರುಮಾಡಿದರು. ಅದು ಪ್ರಸಾರ, ಒಬ್ಬರು ಆಡಿದ್ದನ್ನು ಊರು ಕೇಳುವುದು. ನಮ್ಮದು ಆಡಿ ಕೇಳುವ ಬಾಬತ್ತು. ಆದರೂ ಮನೆಯ ಒಂದು ಕೋಣೆ ಸಾಕು ಎಂಬ ಧೈರ್ಯ ಎರಡಕ್ಕೂ ಒಂದೇ. ಬೆಂಗಳೂರಿನ ಅಮೆಚೂರ್ ರೇಡಿಯೊ ಕ್ಲಬ್ 1959ರದು, ಮಂಗಳೂರಿನಲ್ಲೂ ಕ್ಲಬ್ ಇದೆ. ರಾಜೀವ್ ಗಾಂಧಿ ಪ್ರಧಾನಿಯಾಗುವುದಕ್ಕೆ ಮೊದಲೇ ವಿಯು2ಆರ್‌ಜಿ ಎಂಬ ಹ್ಯಾಮ್ ಆಗಿದ್ದರು. ಗಾಳಿಯ ಮೇಲೆ ಎಲ್ಲರೂ ಒಂದು ಕಾಲ್‌ಸೈನ್ ಅಷ್ಟೇ, ಅಲ್ಲಿ ಪದವಿ ಕೇಳುವವರಿಲ್ಲ.

ಈಗ ಪರೀಕ್ಷೆಯ ಮಾತು. ಹನ್ನೆರಡು ತುಂಬಿದ ಯಾರು ಬೇಕಾದರೂ ಬರೆಯಬಹುದು. ಕೇಂದ್ರದ ಸಂವಹನ ಸಚಿವಾಲಯದ ಡಬ್ಲ್ಯುಪಿಸಿ ವಿಭಾಗ ನಡೆಸುತ್ತದೆ, ಅರ್ಜಿ ಸರಳ್ ಸಂಚಾರ್ ಪೋರ್ಟಲಿನಲ್ಲಿ. ರಿಸ್ಟ್ರಿಕ್ಟೆಡ್ ದರ್ಜೆಗೆ ಚುಕ್ಕೆ ಗೆರೆಯ ಮೋರ್ಸ್ ಬೇಕಿಲ್ಲ, ಕಾಲ್‌ಸೈನ್ ವಿಯು3 ಎಂದು ಶುರುವಾಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ವೇಗದಲ್ಲಿ ಮೋರ್ಸ್ ಕಳಿಸಬೇಕು, ಬರೆದುಕೊಳ್ಳಬೇಕು, ಕಾಲ್‌ಸೈನ್ ವಿಯು2. ಎಲೆಕ್ಟ್ರಾನಿಕ್ಸ್ ಓದುತ್ತಿರುವ ನಿನಗೆ ಓಮ್‌ನ ನಿಯಮ, ಆಸಿಲೇಟರ್, ಮಾಡ್ಯುಲೇಶನ್ ಇವೆಲ್ಲ ಸಲೀಸು. ನೀನು ಸಸಾರ ಮಾಡುವುದು ನಿಯಮಗಳ ಭಾಗವನ್ನು. ಕ್ಯೂ ಸಂಕೇತಗಳು, ತುರ್ತು ಕರೆಯ ಕ್ರಮ, ಯಾವ ಬ್ಯಾಂಡಿನಲ್ಲಿ ಎಷ್ಟು ಶಕ್ತಿ ಎಂಬುದು ಬಾಯಿಪಾಠದ ಸರಕಾಗಿ ಕಾಣಬಹುದು. ಒಂದು ಅಲೆಯನ್ನು ಲೋಕವೆಲ್ಲ ಹಂಚಿಕೊಂಡು ಬಳಸುವುದು ಹೇಗೆ ಎಂಬ ಒಪ್ಪಂದ ಅದು, ಅರ್ಥ ಮಾಡಿಕೊಂಡು ಓದು. 2023ರ ದೂರಸಂಪರ್ಕ ಕಾಯ್ದೆಯ ನಂತರ ಹಳೆಯ ನಿಯಮಗಳ ಜಾಗಕ್ಕೆ ಹೊಸವು ಬರುತ್ತಿವೆ. ಆದ್ದರಿಂದ ನನ್ನ ಕಾಲದ ಪುಸ್ತಕ ನಂಬಬೇಡ, ಅರ್ಜಿ ಹಾಕುವ ದಿನ ಜಾರಿಯಲ್ಲಿರುವುದನ್ನೇ ನೋಡು.

ಪರೀಕ್ಷೆ ಪಾಸಾದರೂ ಪರವಾನಗಿ ಕೈಗೆ ಬರಲು ಕೆಲವೊಮ್ಮೆ ತಿಂಗಳುಗಳೇ ಹಿಡಿಯುತ್ತವೆ, ಪೊಲೀಸ್ ಪರಿಶೀಲನೆ ಆಗಬೇಕು. ಆ ಅವಧಿಯಲ್ಲಿ ಹುಡುಗರ ಕೈ ತುರಿಸುತ್ತದೆ. ಆನ್‌ಲೈನಿನಲ್ಲಿ ಅಗ್ಗದ ಚೀನಾ ವಾಕಿಟಾಕಿ ಕಾಣಿಸುತ್ತದೆ, ತರಿಸಿಕೊಳ್ಳುತ್ತಾರೆ, ಒತ್ತಿ ನೋಡುತ್ತಾರೆ. ನೀನು ಹಾಗೆ ಮಾಡಬೇಡ. ಪರವಾನಗಿ ಇಲ್ಲದೆ ಟ್ರಾನ್ಸ್‌ಮಿಟ್ ಮಾಡುವುದು ಅಪರಾಧ. ಅಷ್ಟೇ ಅಲ್ಲ, ಆ ಸೆಟ್ಟಿಗೆ ಹವ್ಯಾಸಿ ಬ್ಯಾಂಡು ಯಾವುದು, ಪೊಲೀಸರದು ಯಾವುದು, ಅಗ್ನಿಶಾಮಕದವರದು ಯಾವುದು ಎಂಬ ಭೇದ ತಿಳಿಯದು. ಯಾವ ಅಂಕೆ ಒತ್ತಿದರೂ ಕೂಗುತ್ತದೆ. ತಿಳಿಯಬೇಕಾದವಳು ನೀನು.

ಹಾಗಾದರೆ ಆ ತಿಂಗಳುಗಳಲ್ಲಿ ಏನು ಮಾಡಲಿ ಎಂದರೆ, ಕೇಳು. ಹ್ಯಾಮ್‌ಗಳು ಮಾತಿಗೆ ಬಳಸುವ ಎಸ್‌ಎಸ್‌ಬಿ ವಿಧಾನವನ್ನು ಹಿಡಿಯುವ ಶಾರ್ಟ್‌ವೇವ್ ರೇಡಿಯೊ ಇದ್ದರೆ ಅದರಲ್ಲಿ ಕೇಳು. ಇಲ್ಲದಿದ್ದರೆ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ತಮ್ಮ ರಿಸೀವರನ್ನು 2008ರಿಂದ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟಿದ್ದಾರೆ, ದುಡ್ಡಿಲ್ಲದೆ ಅದರ ಮುಳ್ಳು ತಿರುಗಿಸಬಹುದು. 7.000ರಿಂದ 7.200 ಮೆಗಾಹರ್ಟ್ಸ್, ಅಂದರೆ ನಾವು 40 ಮೀಟರ್ ಎನ್ನುವ ಬ್ಯಾಂಡು. 14.000ರಿಂದ 14.350, ಅದು 20 ಮೀಟರ್. ಈ ಎರಡನ್ನೇ ಹಿಡಿದುಕೊಂಡು ಒಂದು ನೋಟ್‌ಬುಕ್ ಇಡು. ದಿನಾಂಕ, ಫ್ರೀಕ್ವೆನ್ಸಿ, ಯಾರು, ಎಷ್ಟು ಗಟ್ಟಿಯಾಗಿ ಕೇಳಿಸಿದರು ಎಂದು ಬರೆ. ಹೊತ್ತನ್ನು ಯುಟಿಸಿಯಲ್ಲಿ ಬರೆಯುವ ಅಭ್ಯಾಸ ಈಗಲೇ ಆಗಲಿ. ನಮ್ಮ ಗಡಿಯಾರದಿಂದ ಐದೂವರೆ ಗಂಟೆ ಕಳೆದರಾಯಿತು.

ಟ್ವೆಂಟೆಯಲ್ಲಿ ಕೇಳಿದರೆ ಯುರೋಪಿನ ಆಕಾಶ ಗೊತ್ತಾಗುತ್ತದೆ. ನಿನ್ನ ಆಕಾಶ ಗೊತ್ತಾಗಬೇಕಾದರೆ ನಿನ್ನದೇ ತಂತಿಯಲ್ಲಿ ಕೇಳಬೇಕು. ಹಾಗೆ ಕೆಲವು ವಾರ ಬರೆದಿಟ್ಟರೆ ಪುಟಗಳೇ ನಿನಗೆ ಪಾಠ ಹೇಳತೊಡಗುತ್ತವೆ. 40 ಮೀಟರಿನಲ್ಲಿ ಹಗಲು ಹೊತ್ತು ದಕ್ಷಿಣ ಭಾರತದವರೇ ಹೆಚ್ಚು, ಕತ್ತಲಾದ ಮೇಲೆ ದೂರದ ದೇಶದವರು. ಹಗಲಿನಲ್ಲಿ ವಾತಾವರಣದ ಮೇಲ್ಭಾಗದಲ್ಲಿ ಡಿ ಪದರ ಎಂಬುದೊಂದು ಹುಟ್ಟಿ, ಕೆಳಗಿನ ಫ್ರೀಕ್ವೆನ್ಸಿಯ ಅಲೆಗಳನ್ನು, ಅದರಲ್ಲೂ ಓರೆಯಾಗಿ ದೂರಕ್ಕೆ ಹೊರಟವನ್ನು, ಹೀರಿಬಿಡುತ್ತದೆ. ಸೂರ್ಯ ಮುಳುಗಿದರೆ ಆ ಪದರ ಇಲ್ಲ. ಅಲೆ ಇನ್ನೂ ಮೇಲಿನ ಎಫ್ ಪದರದವರೆಗೆ ಹೋಗಿ ಬಾಗಿ ದೂರದಲ್ಲಿ ಇಳಿಯುತ್ತದೆ. 28 ಮೆಗಾಹರ್ಟ್ಸಿನ 10 ಮೀಟರ್ ಬ್ಯಾಂಡಿನದು ಬೇರೆ ಸ್ವಭಾವ. ಅದಕ್ಕೆ ಬಿಸಿಲು ಬೇಕು, ಸೂರ್ಯನ ಕಲೆಗಳು ಬೇಕು. ಸೂರ್ಯನ ಚಕ್ರ ಸುಮಾರು ಹನ್ನೊಂದು ವರ್ಷದ್ದು, ಈಗಿನದರ ತುತ್ತತುದಿ 2024ರ ಆಸುಪಾಸಿನಲ್ಲಿ ಬಂತು. ನೀನು ಒಳ್ಳೆಯ ಕಾಲದಲ್ಲಿ ಕೈಹಾಕಿದ್ದೀಯ. ಇದನ್ನು ಪುಸ್ತಕದಲ್ಲಿ ಓದಿ ಪರೀಕ್ಷೆಗೆ ಬರೆಯಬಹುದು. ನಿನ್ನದೇ ನೋಟ್‌ಬುಕ್ಕಿನಲ್ಲಿ ಕಂಡುಕೊಂಡರೆ ಮರೆಯುವುದಿಲ್ಲ.

ಮನೆಯಲ್ಲಿ ಸ್ಟೇಶನ್ ಕಟ್ಟುವ ವಿಚಾರಕ್ಕೆ ಬರೋಣ. ನೀನಿರುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ, ನಾನಿರುವುದು ಸಾಗರದ ಅಡಿಕೆ ತೋಟದಲ್ಲಿ. ನನಗೆ ಮರಗಳ ಉಪಕಾರ ಇದೆ, ನಿನಗಿಲ್ಲ. ಆದರೂ ಇಬ್ಬರಿಗೂ ಸೂತ್ರ ಒಂದೇ: ದುಡ್ಡನ್ನು ಸೆಟ್ಟಿಗಿಂತ ಮೊದಲು ಆಂಟೆನಾದ ಮೇಲೆ ಹಾಕು. ಶಕ್ತಿ ಹೆಚ್ಚಿಸಿದರೆ ನಿನ್ನ ಕೂಗು ಮಾತ್ರ ದೊಡ್ಡದಾಗುತ್ತದೆ. ಆಂಟೆನಾ ಸುಧಾರಿಸಿದರೆ ಕೂಗೂ ಹೋಗುತ್ತದೆ, ಕಿವಿಯೂ ಚುರುಕಾಗುತ್ತದೆ. ಎರಡು ತೋಳಿನ ತಂತಿಯ ಡೈಪೋಲ್ ಆಂಟೆನಾ ಕಟ್ಟಲು ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸಿನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. 7.1ಕ್ಕೆ 20 ಮೀಟರಿನ ಚೂರು ಮೇಲೆ, 14.2ಕ್ಕೆ 10 ಮೀಟರಿನ ಚೂರು ಮೇಲೆ. ಸ್ವಲ್ಪ ಉದ್ದವೇ ಬಿಟ್ಟು, ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂದು ತೋರಿಸುವ ಎಸ್‌ಡಬ್ಲ್ಯುಆರ್ ನೋಡುತ್ತಾ ಕತ್ತರಿಸುತ್ತಾ ಬಾ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ.

ಫ್ಲಾಟಿನ ಬಾಲ್ಕನಿಯಲ್ಲಿ 20 ಮೀಟರ್ ತಂತಿ ಎಲ್ಲಿಂದ ಬರಬೇಕು? ಅದಕ್ಕೆ ದಾರಿಗಳಿವೆ. 144ರಿಂದ 146 ಮೆಗಾಹರ್ಟ್ಸಿನ 2 ಮೀಟರ್ ಬ್ಯಾಂಡಿನಿಂದ ಶುರುಮಾಡು. ಕಾಲು ತರಂಗದ ಕಡ್ಡಿ ಅಂದರೆ 49 ಸೆಂಟಿಮೀಟರು ಅಷ್ಟೇ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರಸ್ತೆಯಲ್ಲಿ ಒಂದು ಎಸ್‌ಒ-239 ಸಾಕೆಟ್ ತಗೊಂಡು, ನಡುವಿಗೆ ಒಂದು ಕಡ್ಡಿ ಮೇಲಕ್ಕೆ, ನಾಲ್ಕು ಮೂಲೆಯಿಂದ ನಾಲ್ಕು ಕಡ್ಡಿ ಓರೆಯಾಗಿ ಕೆಳಕ್ಕೆ ಕಟ್ಟಿದರೆ ಗ್ರೌಂಡ್‌ಪ್ಲೇನ್ ಆಂಟೆನಾ ಆಯಿತು. ಒಂದು ಭಾನುವಾರ ಬೆಳಿಗ್ಗೆಯ ಕೆಲಸ. ಆಮೇಲೆ ಮಹಡಿ ಬೇಕಾದಾಗ ಅಸೋಸಿಯೇಶನ್ನಿನವರನ್ನು ಮೊದಲೇ ಕೇಳು. ಕಳ್ಳತನದಿಂದ ತಂತಿ ಎಳೆದು, ಯಾರದೋ ಟಿವಿಯಲ್ಲಿ ಗೆರೆ ಮೂಡಿದ ಮೇಲೆ ಸಮಜಾಯಿಷಿ ಕೊಡುವುದಕ್ಕಿಂತ, ಪರವಾನಗಿ ಹಿಡಿದುಕೊಂಡು ಹೋಗಿ ಇದು ಇಂಥದ್ದು, ತೊಂದರೆ ಕಂಡರೆ ನನಗೆ ಹೇಳಿ ಎಂದು ಬರುವುದು ವಾಸಿ. ಹಾಗೆ ಕೇಳಿದ ಕಡೆ ಬೇಡ ಅಂದವರು ಇಲ್ಲವೆಂದಲ್ಲ, ಆದರೆ ಒಪ್ಪಿದವರು ಕೊನೆಯವರೆಗೂ ಬೆಂಬಲಕ್ಕೆ ನಿಲ್ಲುತ್ತಾರೆ.

ಪೇಟೆಯ ದೊಡ್ಡ ಶತ್ರು ಗದ್ದಲ. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಯುಪಿಎಸ್, ಲಿಫ್ಟಿನ ಮೋಟಾರು, ಸೋಲಾರ್ ಇನ್ವರ್ಟರ್ ಎಲ್ಲವೂ ಶಾರ್ಟ್‌ವೇವಿನಲ್ಲಿ ತಮ್ಮದೊಂದು ಕಿರಿಕಿರಿ ಸೇರಿಸುತ್ತವೆ. ಅದಕ್ಕೆ ಬೈಯುತ್ತಾ ಕೂರಬೇಡ, ಹುಡುಕು. ರೇಡಿಯೊವನ್ನು ಬ್ಯಾಟರಿಯ ಮೇಲೆ ಓಡಿಸಿ ಮನೆಯ ಮೇನ್ ಸ್ವಿಚ್ ಇಳಿಸು. ಗದ್ದಲ ಇಳಿದರೆ ಕಳ್ಳ ಮನೆಯೊಳಗಿದ್ದಾನೆ, ಒಂದೊಂದೇ ಎಂಸಿಬಿ ಮೇಲೆತ್ತುತ್ತಾ ಹೋದರೆ ಯಾರೆಂದು ಗೊತ್ತಾಗುತ್ತದೆ. ಇಳಿಯದಿದ್ದರೆ ಹೊರಗಿನದು, ಆಂಟೆನಾ ಕಟ್ಟಡದಿಂದ ದೂರ ಸರಿಸಬೇಕು. ಎಷ್ಟೋ ಮನೆಯಲ್ಲಿ ಒಂದು ಅಗ್ಗದ ಚಾರ್ಜರ್ ಕಿತ್ತುಹಾಕಿದ ಮೇಲೆ, ಹೊಸ ಸೆಟ್ ಕೊಂಡರೂ ಕೇಳಿಸದ ಸ್ಟೇಶನ್‌ಗಳು ಹಳೆಯ ಸೆಟ್ಟಿನಲ್ಲೇ ಕೇಳಿಸುತ್ತವೆ.

ಇಲ್ಲೇ ಎರಡು ಎಚ್ಚರಿಕೆ, ಇವುಗಳಲ್ಲಿ ರಿಯಾಯಿತಿ ಇಲ್ಲ. ಕರೆಂಟಿನ ತಂತಿಯ ಮೇಲೆ, ಕೆಳಗೆ, ಬಿದ್ದರೆ ತಾಗುವಷ್ಟು ಹತ್ತಿರ ಎಲ್ಲಿಯೂ ಆಂಟೆನಾ ಕಟ್ಟಕೂಡದು. ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ದಿನಗಳಲ್ಲಿ, ಮಧ್ಯಾಹ್ನ ಮೋಡ ಕಟ್ಟುವುದು ಕಂಡ ಕೂಡಲೇ ಕೇಬಲ್ ಕಳಚಿ ಕಿಟಕಿಯ ಆಚೆ ಇಡು. ಯಾರ ಜೊತೆ ಮಾತಾಡುತ್ತಿದ್ದರೂ ಸರಿ, ಸಿಡಿಲು ಎಂದರೆ ಅವರೂ ಒಪ್ಪುತ್ತಾರೆ.

ಕೈಯಿಂದ ಏನಾದರೂ ಮಾಡು ಎಂಬುದು ನನ್ನ ಮುಂದಿನ ಮಾತು. ಹೈದರಾಬಾದಿನ ಅಶ್ಹರ್ ಫರ್ಹಾನ್, ವಿಯು2ಇಎಸ್ಇ, ಬಿಟೆಕ್ಸ್ ಎಂಬ ಟ್ರಾನ್ಸೀವರ್ ರೂಪಿಸಿದರು. ಅಂಗಡಿಯಲ್ಲಿ ಸಿಗುವ ಮಾಮೂಲಿ ಟ್ರಾನ್ಸಿಸ್ಟರುಗಳಿಂದ ಭಾರತದ ಹವ್ಯಾಸಿ ತಾನೇ ಕಟ್ಟಿಕೊಳ್ಳಬೇಕೆಂಬುದು ಅದರ ಹಟ. ಕಾಯಿಲ್ ಸುತ್ತಲು ಪರದೇಶದ ಟೊರಾಯ್ಡ್ ಉಂಗುರ ಸಿಗದವರು ನಲ್ಲಿಯ ವಾಷರಿನ ಮೇಲೆ ಸುತ್ತಬಹುದಿತ್ತು! ಆ ವಿನ್ಯಾಸ ಇಲ್ಲಿಂದ ಹೊರಟು ಬೇರೆ ದೇಶದ ಹ್ಯಾಮ್‌ಗಳ ಮೇಜಿಗೂ ಹೋಯಿತು. ನೀನು ಇಡೀ ಸೆಟ್ಟನ್ನೇ ಕಟ್ಟಬೇಕಿಲ್ಲ. ಕೇಬಲಿಗೂ ಡೈಪೋಲಿಗೂ ನಡುವೆ ಹಾಕುವ ಒಂದು ಬಾಲನ್ ಸುತ್ತು, ಒಂದು ಕೇಬಲಿಗೆ ಪಿಎಲ್-259 ಪ್ಲಗ್ ಬೆಸುಗೆ ಹಾಕು. ನಿನ್ನ ಬೆಸುಗೆಯ ಮೂಲಕ ಹೋದ ದನಿಗೆ ಶ್ರೀಲಂಕಾದಿಂದ ಉತ್ತರ ಬಂದಾಗ, ಕಾಲೇಜಿನ ಲ್ಯಾಬ್ ಕೊಡದ ವಿಶ್ವಾಸ ಅದು ಕೊಡುತ್ತದೆ.

ಇನ್ನು ಮಾತಾಡುವ ಕ್ರಮ. ಖಾಲಿ ಎಂದು ಕಂಡ ಫ್ರೀಕ್ವೆನ್ಸಿಯಲ್ಲಿ ಕೂಡಲೇ ಸಿಕ್ಯೂ, ಅಂದರೆ ಯಾರಾದರೂ ಉತ್ತರಿಸಿ ಎಂದು, ಕೂಗಬೇಡ. ಸ್ವಲ್ಪ ಹೊತ್ತು ಕೇಳು, ಈ ಫ್ರೀಕ್ವೆನ್ಸಿಯಲ್ಲಿ ಯಾರಾದರೂ ಇದ್ದೀರಾ ಎಂದು ಕೇಳು, ಮತ್ತೊಮ್ಮೆ ಕೇಳು. ಇಬ್ಬರ ಸಂಭಾಷಣೆಯಲ್ಲಿ ಒಬ್ಬರ ದನಿ ನಿನಗೆ ಬರದೇ ಇರಬಹುದು, ನಿನಗೆ ಮೌನವೆಂದು ಕಂಡದ್ದು ಇನ್ನೊಬ್ಬರ ಸರದಿಯಾಗಿರಬಹುದು. ಬೆಳಗಿನ ಹೊತ್ತು 40 ಮೀಟರಿನಲ್ಲಿ ಹಲವರು ಒಂದೇ ಫ್ರೀಕ್ವೆನ್ಸಿಯಲ್ಲಿ ಸೇರುವ ನೆಟ್‌ಗಳು ನಡೆಯುತ್ತವೆ. ಅಲ್ಲಿ ಪಂಕ್ತಿಯಲ್ಲಿ ಬಡಿಸಿದ ಹಾಗೆ ಸರದಿ. ಸರದಿ ನಡೆಸುವ ಕಂಟ್ರೋಲ್ ಸ್ಟೇಶನ್ನಿನವರು ನಿನ್ನ ಎಲೆಯ ಹತ್ತಿರ ಬರುವವರೆಗೆ ಕಾಯಬೇಕು. ಅಪರೂಪದ ದೇಶದವರೊಬ್ಬರು ಕಾಣಿಸಿಕೊಂಡರೆ ನೂರು ಜನ ಒಟ್ಟಿಗೇ ಮುಗಿಬೀಳುತ್ತಾರೆ. ಅಲ್ಲಿ ಗೆಲ್ಲುವವರಲ್ಲಿ ಹೆಚ್ಚಿನವರು ಜೋರಾಗಿ ಕೂಗಿದವರಲ್ಲ. ಆತ ಯಾವ ಕಡೆ ಕೇಳುತ್ತಿದ್ದಾನೆ, ಯಾವ ಲಯದಲ್ಲಿ ಉತ್ತರಿಸುತ್ತಿದ್ದಾನೆ ಎಂದು ಗಮನಿಸಿ, ಸಂದು ಸಿಕ್ಕಾಗ ಒಂದೇ ಸಲ ಕಾಲ್‌ಸೈನ್ ಹೇಳಿದವರು.

ರಿಪೋರ್ಟ್ ಕೊಡುವಾಗ ಮುಲಾಜು ಬೇಡ. 59 ಎಂದರೆ ಸ್ಪಷ್ಟ, ಗಟ್ಟಿ ಎಂದರ್ಥ. ಪದ ಪದಕ್ಕೂ ಮತ್ತೆ ಹೇಳಿ ಎಂದು ಕೇಳಿದವರಿಗೂ ಕೊನೆಗೆ 59 ಎನ್ನುವ ಚಾಳಿ ಬ್ಯಾಂಡಿನ ತುಂಬ ಇದೆ. ಮರ್ಯಾದೆಗೆ ಹೇಳುವ ಆ ಸುಳ್ಳಿನಿಂದ ಅವರಿಗೆ ನಷ್ಟ. ತಂತಿ ಸರಿಯಿಲ್ಲ ಎಂದು ಅವರಿಗೆ ತಿಳಿಯುವುದು ಹೇಗೆ? 43 ಇದ್ದರೆ 43 ಎನ್ನು. ವ್ಯಾಪಾರ, ರಾಜಕೀಯ, ಗುಪ್ತ ಸಂಕೇತ ನಮ್ಮ ಬ್ಯಾಂಡಿನಲ್ಲಿ ಸಲ್ಲದು. ಕನ್ನಡದಲ್ಲಿ ಧಾರಾಳವಾಗಿ ಮಾತಾಡು. ಕನ್ನಡ ಬಾರದವರು ಸೇರಿಕೊಂಡರೆ ಅವರಿಗೂ ತಿಳಿಯುವ ಭಾಷೆಗೆ ಹೊರಳು, ಅಷ್ಟು ಸೌಜನ್ಯ ಸಾಕು.

ನೀನು ಹೆಣ್ಣುಮಗಳು, ಹಾಗಾಗಿ ಇದನ್ನೂ ಹೇಳಲೇಬೇಕು. ಬ್ಯಾಂಡಿನಲ್ಲಿ ಹೆಂಗಸರ ದನಿ ಇನ್ನೂ ಕಡಿಮೆ, ಕೇಳಿದ ಕೂಡಲೇ ಹಲವರು ಒಟ್ಟಿಗೆ ಕರೆಯುತ್ತಾರೆ. ಬಹುಪಾಲು ಜನ ಸಭ್ಯರು, ಮಗಳ ಹಾಗೆ ಕಂಡು ಕಲಿಸುವವರು. ಆದರೂ ಇಲ್ಲಿ ಆಡುವುದೆಲ್ಲ ಬಯಲಿನಲ್ಲಿ ಆಡಿದಂತೆ, ಯಾರು ಬೇಕಾದರೂ ಕೇಳುತ್ತಿರುತ್ತಾರೆ. ಫೋನ್ ನಂಬರು, ಮನೆ ಎಲ್ಲಿ, ಯಾವಾಗ ಒಬ್ಬಳೇ ಇರುತ್ತೀ ಎಂಬುದು ಗಾಳಿಗೆ ಬರಬೇಕಿಲ್ಲ. ಇಂಟರ್ನೆಟ್ಟಿನ ಕಾಲ್‌ಸೈನ್ ಪಟ್ಟಿಗಳಲ್ಲಿ ಎಷ್ಟು ವಿಳಾಸ ಹಾಕಬೇಕೆಂಬುದು ನಿನ್ನ ಇಷ್ಟ. ಯಾರದಾದರೂ ಮಾತು ಹಿಡಿಸದಿದ್ದರೆ 73, ಅಂದರೆ ಬೀಳ್ಕೊಡುವ ಶುಭಾಶಯ, ಹೇಳಿ ಮುಳ್ಳು ತಿರುಗಿಸಿಬಿಡು. ನನ್ನಂಥ ಮುದುಕರು ಕೊರೆಯತೊಡಗಿದಾಗಲೂ ಅದೇ ಉಪಾಯ ನಡೆಯುತ್ತದೆ.

ಕಂಪ್ಯೂಟರ್ ಹುಡುಗರು ಎಫ್‌ಟಿ8 ಹಿಡಿದುಕೊಂಡಿದ್ದಾರೆ, ಹಳಬರು ಅದಕ್ಕೆ ಮೂಗು ಮುರಿಯುತ್ತಾರೆ. ನಾನು ಮುರಿಯುವುದಿಲ್ಲ. 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಜೋ ಟೇಲರ್ ತಮ್ಮ ಸಂಗಡಿಗ ಸ್ಟೀವ್ ಫ್ರಾಂಕೆ ಜೊತೆ 2017ರಲ್ಲಿ ಕೊಟ್ಟ ವಿಧಾನ ಅದು. ಹದಿನೈದು ಹದಿನೈದು ಸೆಕೆಂಡಿನ ತುಣುಕುಗಳಲ್ಲಿ, ಕಿವಿಗೆ ಕೇಳಿಸದಷ್ಟು ಕ್ಷೀಣ ಸಂಕೇತವನ್ನೂ ಹೆಕ್ಕುತ್ತದೆ. ನಿನ್ನ ಬಾಲ್ಕನಿಯ ತಂತಿ ಯಾವ ದಿಕ್ಕಿಗೆ ಎಷ್ಟು ದೂರ ತಲುಪುತ್ತಿದೆ ಎಂದು ಅಳೆಯಲು ಅದು ಬಹಳ ಒಳ್ಳೆಯ ಸಾಧನ. ಆದರೆ ದಿನಕ್ಕೆ ನೂರು ಸಂಪರ್ಕವನ್ನು ಕಂಪ್ಯೂಟರೇ ಮಾಡಿ, ನೀನು ಪಕ್ಕದಲ್ಲಿ ಕೂತು ಪಟ್ಟಿ ನೋಡುವಂತಾದರೆ ಕಿವಿ ಬೆಳೆಯುವುದಿಲ್ಲ. ವಾರಕ್ಕೊಮ್ಮೆಯಾದರೂ ಮೋರ್ಸ್ ಕೇಳು. ವಿಯು3ರಲ್ಲೇ ನಿಂತುಬಿಡಬೇಡ.

ಮನೆಯಿಂದ ಹೊರಗೆ ಹೊರಟರೆ ಈ ಹವ್ಯಾಸದ ಇನ್ನೊಂದು ಮುಖ ಕಾಣುತ್ತದೆ. ಪೇಟೆಯ ಗದ್ದಲದಲ್ಲಿ ಮುಳುಗಿಹೋಗುತ್ತಿದ್ದ ಸಣ್ಣ ದನಿಗಳು ಬೆಟ್ಟದ ಮೇಲೆ ತೇಲಿ ಬರುತ್ತವೆ. 2 ಮೀಟರ್ ಬ್ಯಾಂಡಿನ ಅಲೆ ಹೆಚ್ಚುಕಡಿಮೆ ನೇರ ಹೋಗುವಂಥದ್ದು, ದಿಗಂತದ ಆಚೆ ಬಾಗುವುದು ಕಡಿಮೆ. ಅದರ ದೂರಕ್ಕೂ ಒಂದು ಲೆಕ್ಕ ಇದೆ: ಸುತ್ತಲ ನೆಲಕ್ಕಿಂತ ನೀನು ಎಷ್ಟು ಮೀಟರ್ ಎತ್ತರದಲ್ಲಿದ್ದೀಯೋ ಅದರ ವರ್ಗಮೂಲವನ್ನು 4ರ ಚೂರು ಮೇಲಿನಿಂದ ಗುಣಿಸು. 1,478 ಮೀಟರಿನ ನಂದಿಬೆಟ್ಟ ಬಯಲಿನಿಂದ ಸುಮಾರು 550 ಮೀಟರ್ ಮೇಲಿದೆ ಎಂದುಕೊಂಡರೆ ಹೆಚ್ಚುಕಡಿಮೆ 95 ಕಿಲೋಮೀಟರ್ ಸಿಕ್ಕಿತು. ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ಟಿಗೂ ಇಡೀ ಬೆಂಗಳೂರು ಅದರೊಳಗೇ ಬಂತು. ನಿನ್ನ ಫ್ಲಾಟಿನಿಂದ ಪಕ್ಕದ ಬಡಾವಣೆ ಮುಟ್ಟಲು ಒದ್ದಾಡುವ ಸೆಟ್ಟು ಅದೇ.

ಮಲೆನಾಡಿಗೆ ಬಂದರೆ ಈ ಉಪಾಯ ನಡೆಯುವುದಿಲ್ಲ, ಗುಡ್ಡಗಳು ಅಡ್ಡ ನಿಲ್ಲುತ್ತವೆ. ಇಲ್ಲಿ 40 ಮೀಟರಿನ ಡೈಪೋಲನ್ನು ಬೇಕೆಂದೇ ತಗ್ಗಿನಲ್ಲಿ ಕಟ್ಟುತ್ತೇವೆ, ಹತ್ತು ಮೀಟರಿಗಿಂತ ಕೆಳಗೆ. ಆಗ ಅಲೆ ನೆಟ್ಟಗೆ ಮೇಲೆ ಹೋಗಿ, ಅಯಾನುಗೋಳದಿಂದ ತಿರುಗಿ, ಸುತ್ತಲ ಮುನ್ನೂರು ನಾನೂರು ಕಿಲೋಮೀಟರಿನ ಮೇಲೆ ಇಳಿಯುತ್ತದೆ. ಸಾಗರದಿಂದ ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎಲ್ಲ ಹಗಲಲ್ಲೇ ಸಿಗುತ್ತವೆ, ನಡುವೆ ಯಾವ ಘಟ್ಟವಿದ್ದರೂ ಲೆಕ್ಕಕ್ಕಿಲ್ಲ. ನಮ್ಮ ತೋಟದಲ್ಲಿ ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಹೇಳಿ ಎರಡು ಮರಕ್ಕೆ ರಾಟೆ ಕಟ್ಟಿಸಿದ್ದೇನೆ. ಅಡಿಕೆ ಮರ ಗಾಳಿಗೆ ತೂಗುತ್ತದೆ, ಬಿಗಿದು ಕಟ್ಟಿದರೆ ತಂತಿ ಹರಿಯುತ್ತದೆ. ಅದಕ್ಕೇ ಹಗ್ಗದ ತುದಿಗೆ ಒಂದು ಕಲ್ಲು ನೇತುಬಿಟ್ಟಿದೆ, ಮರ ಬಾಗಿದಾಗ ಕಲ್ಲು ಮೇಲೇರುತ್ತದೆ. ರಜೆಗೆ ಬಂದಾಗ ನಿನ್ನ ಡೈಪೋಲನ್ನೂ ಕಟ್ಟೋಣ.

ಹೊರಗೆ ಹೊರಡುವ ಮುನ್ನ ಪರವಾನಗಿಯ ಷರತ್ತು ಓದು. ನಮೂದಾದ ವಿಳಾಸ ಬಿಟ್ಟು ಬೇರೆ ಕಡೆ ಸ್ಟೇಶನ್ ನಡೆಸುವುದಕ್ಕೆ ನಿಯಮಗಳಿವೆ. ಪರವಾನಗಿಯ ಪ್ರತಿ ಚೀಲದಲ್ಲಿರಲಿ. ಬೆಟ್ಟದ ಮೇಲೆ ತಂತಿ, ಬ್ಯಾಟರಿ, ಮುಳ್ಳುಗಳ ಪೆಟ್ಟಿಗೆ ಇಟ್ಟುಕೊಂಡು ಕೂತವಳನ್ನು ಕಂಡರೆ ಪೊಲೀಸರು ವಿಚಾರಿಸದೆ ಇರುವುದಿಲ್ಲ, ವಿಚಾರಿಸುವುದೇ ಸರಿ. ಅರಣ್ಯದ ಜಾಗವಾದರೆ ಇಲಾಖೆಯ ಒಪ್ಪಿಗೆ ಬೇಕು. ಚೀಲ ಹಗುರ ಇರಲಿ: 5 ಅಥವಾ 10 ವ್ಯಾಟಿನ ಸೆಟ್ಟು, ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ತಂತಿ, ನೂಲಿನ ಉಂಡೆ, ನೋಟ್‌ಬುಕ್ಕು, ನೀರು. ಕಾರಿನಲ್ಲಿ ಸೆಟ್ ಹಾಕಿಸಿಕೊಂಡರೆ, ಮಾತು ಬಂದಾಗ ಗಾಡಿ ಬದಿಗೆ ನಿಲ್ಲಿಸು.

ಗೆಳತಿಯರನ್ನು ಕೂಡಿಸಿಕೊಂಡು ಆಡಬೇಕೆಂದರೆ ಫಾಕ್ಸ್ ಹಂಟ್ ಇದೆ. ಒಬ್ಬರು ಸಣ್ಣ ಟ್ರಾನ್ಸ್‌ಮಿಟರನ್ನು ಎಲ್ಲೋ ಅಡಗಿಸಿಡುತ್ತಾರೆ, ಉಳಿದವರು ದಿಕ್ಕು ಹಿಡಿದು ಹುಡುಕುತ್ತಾರೆ. ಉಕ್ಕಿನ ಅಳತೆಟೇಪು ತುಂಡುಮಾಡಿ ಪಿವಿಸಿ ಪೈಪಿಗೆ ಬಿಗಿದರೆ ಒಂದೇ ದಿಕ್ಕಿಗೆ ಕಿವಿಗೊಡುವ ಯಾಗಿ ಆಂಟೆನಾ ಸಿದ್ಧ. ಹತ್ತಿರ ಹೋದಾಗ ಸಿಗ್ನಲ್ ಎಲ್ಲ ದಿಕ್ಕಿನಿಂದಲೂ ಬಂದ ಹಾಗೆ ಕಾಣುತ್ತದೆ. ಆಗ ಆಂಟೆನಾ ಕಳಚಿ, ಸೆಟ್ಟನ್ನು ಎದೆಗೊತ್ತಿ ಹಿಡಿದು ಒಂದು ಸುತ್ತು ತಿರುಗು. ನಿನ್ನ ಮೈಯೇ ಮರೆಯಾಗಿ ಎಲ್ಲಿ ದನಿ ಕುಗ್ಗಿತೋ, ಆಗ ನರಿ, ಅಂದರೆ ಅಡಗಿಸಿಟ್ಟ ಟ್ರಾನ್ಸ್‌ಮಿಟರು, ನಿನ್ನ ಬೆನ್ನ ಹಿಂದಿದೆ.

ಅದೇ ಯಾಗಿಯನ್ನು ಮೇಲಕ್ಕೆ ತಿರುಗಿಸಿದರೆ ಬಾಹ್ಯಾಕಾಶ. 2005ರ ಮೇ 5ರಂದು ಇಸ್ರೊ ಪಿಎಸ್‌ಎಲ್‌ವಿ ಸಿ6ರಲ್ಲಿ ಹ್ಯಾಮ್‌ಸ್ಯಾಟ್ ಎಂಬ 42.5 ಕಿಲೋ ತೂಕದ ಪುಟ್ಟ ಉಪಗ್ರಹವನ್ನು ನಮಗಾಗಿಯೇ ಹಾರಿಸಿತು. ಅದರ ಎರಡು ಟ್ರಾನ್ಸ್‌ಪಾಂಡರುಗಳಲ್ಲಿ ಒಂದನ್ನು ಮಾಡಿದವನು ನೆದರ್‌ಲೆಂಡ್ಸಿನ ಒಬ್ಬ ವಿದ್ಯಾರ್ಥಿ. 2014ರವರೆಗೂ ಅದು ಬಾಳಿತು. ಈಗ ಅದಿಲ್ಲ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇದೆ. 145.800 ಮೆಗಾಹರ್ಟ್ಸಿನಲ್ಲಿ ಕೇಳು. ಒಂದು ಸಲ ತಲೆಯ ಮೇಲೆ ಹಾದುಹೋಗಲು ಹತ್ತು ನಿಮಿಷ, ಅಷ್ಟರಲ್ಲೇ ಡಾಪ್ಲರ್ ಪರಿಣಾಮದಿಂದ ಫ್ರೀಕ್ವೆನ್ಸಿ ಸರಿಯುವುದೂ ಕೇಳಿಸುತ್ತದೆ. 2025ರ ಜುಲೈಯಲ್ಲಿ ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದವರೊಡನೆ ಹ್ಯಾಮ್ ರೇಡಿಯೊದಲ್ಲೇ ಮಾತಾಡಿದರು.

ಆಪತ್ತಿನ ಕಾಲದಲ್ಲಿ ಹ್ಯಾಮ್‌ಗಳು ನೆರವಾಗುತ್ತಾರೆ ಎಂದು ನೀನು ಕಾಲೇಜಿನಲ್ಲಿ ಹೆಮ್ಮೆಯಿಂದ ಹೇಳುತ್ತೀಯಂತೆ. ಹೆಮ್ಮೆ ಸರಿ, ಅದರ ಹಿಂದಿನ ಸಂಗತಿಯೂ ಗೊತ್ತಿರಲಿ. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್, ವಿಯು2ಆರ್‌ಬಿಐ, ತಮ್ಮ ತಂಡದ ಜೊತೆ ಪೋರ್ಟ್ ಬ್ಲೇರಿನಲ್ಲಿದ್ದರು. ವರ್ಷಗಳಿಂದ ಹ್ಯಾಮ್ ದನಿ ಕೇಳದ ಅಂಡಮಾನಿನಿಂದ ಲೋಕದ ಹವ್ಯಾಸಿಗಳಿಗೆ ಸಂಪರ್ಕ ಕೊಡುವುದಷ್ಟೇ ಅವರು ಹೋದ ಕಾರಣ, ಪಕ್ಕಾ ಹವ್ಯಾಸ. 26ರ ಬೆಳಿಗ್ಗೆ ಭೂಮಿ ನಡುಗಿತು, ಸುನಾಮಿ ಬಂತು, ಫೋನುಗಳು ಸತ್ತವು. ಅದೇ ಸೆಟ್ಟು, ಅದೇ ಆಂಟೆನಾ ದ್ವೀಪಕ್ಕೂ ಮುಖ್ಯಭೂಮಿಗೂ ಕೊಂಡಿಯಾದವು. ವಾರಗಟ್ಟಲೆ ಸಾವಿರಾರು ಜನರ ಕರೆಯನ್ನು ಸಹನೆಯಿಂದ ಕೇಳಿ ಬರೆದುಕೊಂಡ ಅಭ್ಯಾಸ ಆ ಬೆಳಿಗ್ಗೆ ಕೈಹಿಡಿಯಿತು. ಸಾಹಸಕ್ಕೆಂದು ಪ್ರತ್ಯೇಕ ತಯಾರಿ ಬೇಕಿಲ್ಲ, ದಿನನಿತ್ಯದ ಶಿಸ್ತೇ ತಯಾರಿ. ಅಂಥ ಹೊತ್ತು ನಿನಗೂ ಬಂದರೆ ಕಂಟ್ರೋಲ್ ಸ್ಟೇಶನ್ ಹೇಳಿದ್ದನ್ನು ಮಾಡು. ಸಂದೇಶವನ್ನು ಪದಕ್ಕೆ ಪದ ಬರೆದುಕೊಂಡು, ತಿರುಗಿ ಓದಿ ಹೇಳಿ, ಹಾಗೇ ಮುಂದಕ್ಕೆ ದಾಟಿಸು. ನಿನ್ನ ಊಹೆಯನ್ನು ಅದಕ್ಕೆ ಸೇರಿಸಬೇಡ. ಹೇಳಲು ಏನೂ ಇಲ್ಲದಿದ್ದರೆ ಸುಮ್ಮನೆ ಕೇಳುತ್ತಿರುವುದೂ ಆಗ ಸೇವೆಯೇ.

ಕೊನೆಯದಾಗಿ, ಕಲಿತದ್ದನ್ನು ದಾಟಿಸು. ಈ ವಿದ್ಯೆ ನಮಗೆ ಬಂದದ್ದು ಯಾರೋ ಹಿರಿಯರು ತಮ್ಮ ಸೆಟ್ಟಿನ ಪಕ್ಕ ಒಂದು ಸ್ಟೂಲು ಹಾಕಿ ಕೂರಿಸಿಕೊಂಡದ್ದರಿಂದ. ಅಕ್ಟೋಬರಿನ ಮೂರನೇ ವಾರಾಂತ್ಯಕ್ಕೆ ಲೋಕದ ಸ್ಕೌಟು, ಗೈಡುಗಳು ಗಾಳಿಯ ಮೇಲೆ ಸೇರುವ ಜಾಂಬೂರಿ ಇರುತ್ತದೆ. ನಿನ್ನ ಕಾಲ್‌ಸೈನ್ ಬಂದ ವರ್ಷವೇ ಹತ್ತಿರದ ಸರ್ಕಾರಿ ಶಾಲೆಯ ಮಕ್ಕಳಿಗೆ ಕೇಳಿಸು. ಅವರಲ್ಲಿ ಹನ್ನೆರಡು ತುಂಬಿದ ಒಬ್ಬಳಾದರೂ ಪರೀಕ್ಷೆಗೆ ಕೂರುವಂತೆ ನೋಡಿಕೊಂಡರೆ ನನ್ನ ಋಣ ತೀರಿತು ಎಂದುಕೋ.

ನಿಮ್ಮಪ್ಪನಿಗೆ ಈ ಕಾಗದ ಓದಿ ಹೇಳು. ಒಪ್ಪಿದರೆ ಮಹಡಿ ಮೇಲೆ ತಂತಿ ಹಿಡಿಯಲು ಅವನನ್ನೇ ಕರೆದುಕೋ. ಪರವಾನಗಿ ಬಂದ ದಿನ ಮೊದಲ ಕರೆ ದೊಡ್ಡಪ್ಪನಿಗೇ ಬರಬೇಕೆಂಬ ಹಟ ನನಗಿಲ್ಲ. ಬ್ಯಾಂಡು ಕೇಳು, ಖಾಲಿಯಿದೆಯೇ ವಿಚಾರಿಸು, ಆಮೇಲೆ ಕರೆ. ಯಾರು ಉತ್ತರ ಕೊಟ್ಟರೂ ಅವರ ಮಾತು ಮುಗಿಯುವವರೆಗೆ ಕಾದು, ಹೆಸರು ಬರೆದುಕೊಂಡು, ನಿನಗೆ ನಿಜವಾಗಿ ಕೇಳಿಸಿದಷ್ಟೇ ರಿಪೋರ್ಟ್ ಕೊಡು.

73,
ನಿನ್ನ ದೊಡ್ಡಪ್ಪ